ಸೀರಿಯಲ್ ಬಿಟ್ಟು ಆರೋಗ್ಯ ವರದಿಗೆ ಬರುವುದು ಹೇಗೆ

ಬಾಗಲಕೋಟೆ ನವನಗರದ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ನನ್ನ ಕೈ ಹಿಡಿದು ಕೂರಿಸಿಕೊಂಡರು. ಇಳಕಲ್ ಸೀರೆ, ಕೈಯಲ್ಲಿ ಆಸ್ಪತ್ರೆಯ ಫೈಲು ಇಟ್ಟಿದ್ದ ಪ್ಲಾಸ್ಟಿಕ್ ಚೀಲ. ಆಗ ನಾನು ಸೀರಿಯಲ್ ಶೂಟಿಂಗ್ ಮುಗಿಸಿ ಹಬ್ಬಕ್ಕೆ ಊರಿಗೆ ಬಂದಿದ್ದೆ.

"ಯವ್ವಾ, ನೀ ಟಿವ್ಯಾಗ ಬರೂ ಸೊಸಿ ಅಲ್ಲೇನು? ನಿನ್ನ ಕಿಡ್ನಿ ಈಗ ಆರಾಮದಾವನ?"

ಸೀರಿಯಲ್‌ನಲ್ಲಿ ನನ್ನ ಪಾತ್ರಕ್ಕೆ ಎರಡೂ ಕಿಡ್ನಿ ಹೋಗಿದ್ದವು. ಅತ್ತೆ ಪಾತ್ರದವರು ಏಳು ದಿನ ಕಷಾಯ ಕುಡಿಸಿದರು, ನಾನು ಎದ್ದು ಓಡಾಡಿದೆ. ನಾನು ನಕ್ಕು ಸುಮ್ಮನಾಗಬೇಕು ಅನ್ನುವಷ್ಟರಲ್ಲಿ ಅವರು ಮುಂದಿನ ಮಾತು ಕೇಳಿದರು. "ನಿಮ್ಮತ್ತಿ ಕುಡಿಸಿದ ಕಷಾಯದಾಗ ಏನೇನ್ ಹಾಕಿದ್ರವ್ವಾ? ನಮ್ಮ ಮನಿಯವ್ರಿಗೆ ವಾರಕ್ಕ ಎರಡ ಸಲ ರಗತ ತೊಳಸಾಕ ಕರ್ಕೊಂಡ ಹೋಗ್ಬೇಕಾಗೇತಿ. ಅದನ್ನ ಕುಡಿಸಿ ಇದನ್ನ ಬಿಡಸ್ಬೇಕಂತ ಮಾಡೀನಿ."

ಆ ಲೋಟದಲ್ಲಿ ಇದ್ದದ್ದು ಚಹಾದ ಡಿಕಾಕ್ಷನ್, ಸ್ವಲ್ಪ ಬೆಲ್ಲ. ಹಾಗಂತ ಹೇಳಿದೆ. ಡಯಾಲಿಸಿಸ್ ಬಿಡಿಸಬೇಡಿ, ಬಿಟ್ಟರೆ ಜೀವಕ್ಕೆ ಕುತ್ತು ಬರುತ್ತದೆ ಅಂತ ಎರಡೆರಡು ಸಲ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಕೇಳಿದರು: "ಹಂಗಾರ ಟಿವ್ಯಾಗ ಯಾಕ ತೋರಿಸಿದ್ರಿ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಅವರ ಬಸ್ ಬಂತು, ಹೋದರು. ನಾನು ಆರೋಗ್ಯದ ಬಗ್ಗೆ ಬರೆಯೋಕೆ, ವಿಡಿಯೋ ಮಾಡೋಕೆ ಶುರು ಮಾಡಿದ್ದು ಆ ಬೆಂಚಿನಿಂದ. ಈಗ ಸೀರಿಯಲ್ ಮಾಡುವ, ನಿರೂಪಣೆ ಮಾಡುವ ಹುಡುಗಿಯರು ಆಗಾಗ ಕೇಳುತ್ತಾರೆ: ಅಕ್ಕಾ, ನಾನೂ ಈ ಕೆಲಸಕ್ಕೆ ಬರಬೇಕು, ಎಲ್ಲಿಂದ ಶುರು ಮಾಡಲಿ? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಟನೆ ಗೊತ್ತಿಲ್ಲದವರಿಗೂ ಉಪಯೋಗಕ್ಕೆ ಬರಬಹುದು.

ಸೆಟ್‌ನಿಂದ ಏನು ತರಬೇಕು, ಏನು ಬಿಡಬೇಕು

ಮೊದಲನೇ ಮಾತು, ನಿಮ್ಮ ಮುಖವನ್ನು ಜನ ನಂಬುತ್ತಾರೆ. ದಿನಾ ರಾತ್ರಿ ಊಟದ ಹೊತ್ತಿಗೆ ಅವರ ಮನೆಗೆ ಹೋಗಿದ್ದೀರಿ, ಅವರ ಕಣ್ಣೆದುರೇ ಅತ್ತಿದ್ದೀರಿ. ಡಾಕ್ಟರ್ ಹತ್ತು ನಿಮಿಷದಲ್ಲಿ ಸಂಪಾದಿಸಲಾಗದ ನಂಬಿಕೆ ಅದು. ಅದು ಸಾಲ ಇದ್ದ ಹಾಗೆ. ನೀವು ಒಂದು ತಪ್ಪು ಮಾತು ಹೇಳಿದರೂ ಅದೇ ನಂಬಿಕೆಯಿಂದ ಅದನ್ನೂ ತೆಗೆದುಕೊಳ್ಳುತ್ತಾರೆ.

ಇದರ ಜೊತೆ ಇನ್ನೂ ಕೆಲವು ಸರಕು ನಿಮ್ಮ ಹತ್ತಿರ ಆಗಲೇ ಇದೆ. ಹಿಂದಿನಿಂದ ಪ್ರಾಂಪ್ಟ್ ಮಾಡುವ ಡೈಲಾಗನ್ನು ಕೇಳುತ್ತಲೇ ಎದುರಿನವರ ಮುಖ ನೋಡಿ ಮಾತಾಡೋದು ಗೊತ್ತು. ಇದು ಸಂದರ್ಶನದಲ್ಲಿ ಬಹಳ ಕೆಲಸಕ್ಕೆ ಬರುತ್ತದೆ: ಡಾಕ್ಟರ್ ಹೇಳುತ್ತಿರುವುದನ್ನು ಕೇಳುತ್ತಾ, ಪಕ್ಕದಲ್ಲಿ ಕೂತ ರೋಗಿಯ ಹೆಂಡತಿ ಯಾವ ಮಾತಿಗೆ ತಲೆ ತಗ್ಗಿಸಿದಳು ಅಂತ ನೋಡಬಹುದು. ಕಂಟಿನ್ಯೂಟಿ ನೋಡುವ, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಸೀರೆ, ಬಳೆ ಬದಲಾಗಿಲ್ಲ ತಾನೇ ಅಂತ ಗಮನಿಸುವ ಕಣ್ಣು ಇದೆ. ಮುಂದೆ ಅದರ ಬಗ್ಗೆ ಮತ್ತೆ ಹೇಳುತ್ತೇನೆ.

ಬಿಡಬೇಕಾದದ್ದು ಕಣ್ಣೀರು ಬರಿಸೋಕೆ ಹಚ್ಚುವ ಗ್ಲಿಸರಿನ್. ಅಂದರೆ ಅಳಿಸುವ ಚಟ. ಸೀರಿಯಲ್‌ನಲ್ಲಿ ಕಾಯಿಲೆ ಅನ್ನೋದು ಕಥೆ ತಿರುಗಿಸುವ ಕೀಲಿ. ಅಲ್ಲಿ ಕಾಯಿಲೆ ಒಂದೇ ಸಲ ಬರುತ್ತದೆ, ಒಂದೇ ಸಲ ಹೋಗುತ್ತದೆ. ನಿಜದಲ್ಲಿ ಶುಗರ್, ಬಿಪಿ, ಕಿಡ್ನಿ ತೊಂದರೆ ಇವೆಲ್ಲ ನಿಧಾನಕ್ಕೆ ಬರುತ್ತವೆ, ಬಂದಮೇಲೆ ಜೊತೆಯಲ್ಲೇ ಇರುತ್ತವೆ, ದಿನಾ ಗುಳಿಗೆ ನುಂಗಬೇಕು, ಅದರಲ್ಲಿ ಕ್ಲೈಮ್ಯಾಕ್ಸ್ ಇಲ್ಲ. ಅಂಥ ವಿಷಯವನ್ನು ಜನ ಕೊನೇ ತನಕ ಓದುವ ಹಾಗೆ ಬರೆಯೋದೇ ಈ ಕೆಲಸದ ಕಷ್ಟ. ಗುರುವಾರ ಬಂತು ಅಂದರೆ ನಮಗೆ ಟಿಆರ್‌ಪಿ ಚಿಂತೆ ಇರುತ್ತಿತ್ತು. ನಮ್ಮ ಕಡೆ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಗುರುವಾರ ಲಸಿಕೆ ದಿನ. ನಾನೀಗ ಗುರುವಾರ ಬೆಳಿಗ್ಗೆ ಅಲ್ಲಿರುತ್ತೇನೆ.

ಪದವಿ ಬೇಕಾ?

ಪತ್ರಕರ್ತೆ ಆಗೋಕೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಆದರೆ ಕಲಿಯೋಕೆ ಆದರೆ ಕಲಿಯಿರಿ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗ ಇದೆ, ಮನೆಯಿಂದ ದೂರ ಕಳಿಸೋಕೆ ಒಪ್ಪದ ಅಪ್ಪ ಅಮ್ಮಂದಿರೂ ಅಲ್ಲಿಗೆ ಒಪ್ಪುತ್ತಾರೆ. ನಾನಂತೂ ಕಾಲೇಜಿಗಿಂತ ಮೊದಲು ಹೋಗಿ ಕೂತಿದ್ದು ಆರೋಗ್ಯ ಕೇಂದ್ರದಲ್ಲಿ.

ಮೂರು ತಿಂಗಳು ಏನೂ ಬರೆಯದೆ ಕೂತೆ. ನೀವೂ ಹಾಗೇ ಮಾಡಿ ಅಂತ ನನ್ನ ಆಸೆ. ವೈದ್ಯಾಧಿಕಾರಿಗಳ ಒಪ್ಪಿಗೆ ಕೇಳಿ, ನೋಟ್‌ಬುಕ್ ಹಿಡಿದು ಹೊರಗಿನ ಬೆಂಚಿನಲ್ಲಿ ಕೂಡಿ, ಒಳಗೆ ತಪಾಸಣೆ ಕೋಣೆಗೆ ಹೋಗಬೇಡಿ. ಪ್ರತಿ ತಿಂಗಳು 9ನೇ ತಾರೀಖು ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿರುವ ಕೇಂದ್ರದ ಕಾರ್ಯಕ್ರಮ ಅದು. ಆ ದಿನ ಖಂಡಿತ ಹೋಗಿ. ಆಶಾ ಕಾರ್ಯಕರ್ತೆಯರ ಜೊತೆ ನಡೆದು ನಾಲ್ಕು ಮನೆ ತಿರುಗಿ. ಯಾವ ಮನೆಯಲ್ಲಿ ಅತ್ತೆಗೆ ಮೊದಲು ಹೇಳಬೇಕು, ಯಾವ ಮನೆಯಲ್ಲಿ ಸೊಸೆಯನ್ನು ಹಿತ್ತಲಿಗೆ ಕರೆದು ಕೇಳಬೇಕು ಅನ್ನೋದು ಅವರಿಗೆ ಗೊತ್ತು. ಆ ತಿಳಿವಳಿಕೆ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಭಾಷೆ: ನಾನು ಜಾಸ್ತಿ ಹೇಳಬೇಕಾದದ್ದು ಇದೇ

ಸೀರಿಯಲ್‌ಗೆ ಹೋದ ಹೊಸದರಲ್ಲಿ ನನ್ನ ಬಾಗಲಕೋಟೆ ಮಾತು ತೆಗೆಸೋಕೆ ಸೆಟ್‌ನಲ್ಲಿ ತಿಂಗಳುಗಟ್ಟಲೆ ತಿದ್ದಿದರು. "ಹೋಗೂಣು" ಅಂದರೆ ಕಟ್, "ಬ್ಯಾಡ" ಅಂದರೆ ಕಟ್. ಊರಿಗೆ ಬಂದು ಆರೋಗ್ಯದ ಮಾತು ಶುರು ಮಾಡಿದಾಗ ಮೊದಲು ಆ ತಿದ್ದಿದ ಭಾಷೆಯಲ್ಲೇ ಕೇಳಿದೆ: "ನಿಮಗೆ ರಕ್ತಹೀನತೆ ಇದೆಯಾ?" ಹೆಂಗಸರು ಇಲ್ಲ ಅಂದರು. ನಿಜವಾಗಿಯೂ ಇಲ್ಲ ಅಂತಲೇ ಅವರಿಗೆ ಅನಿಸಿತ್ತು. ನಮ್ಮ ಮಾತಿನಲ್ಲಿ ಕೇಳಿದಾಗ ಕಥೆ ಬೇರೆ ಆಯಿತು. "ಕೈಕಾಲು ಹರಿತಾವನ? ಮೈಯಾಗ ಕಸುವಿಲ್ಲೇನ? ನೀರಿನ ಕೊಡ ಹೊತ್ತು ಬರೂವಾಗ ದಮ್ಮು ಹತ್ತತೈತೇನು? ಎದ್ದ ಕೂಡಲೆ ಚಕ್ಕರ ಬರ್ತಾವನ?" ಕೂತಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೂಂ ಅಂದರು. ಒಬ್ಬಳು, "ಇದು ಎಲ್ಲಾರಿಗೂ ಇರೂದ ಅಲ್ಲೇನ್ರಿ ಅಕ್ಕಾರ" ಅಂದಳು.

2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ ಇತ್ತು. ಅಷ್ಟು ಜನಕ್ಕೆ ಇದ್ದರೆ ಅದು ಕಾಯಿಲೆ ಅನಿಸುವುದೇ ಇಲ್ಲ, ಹೆಂಗಸಿನ ಬದುಕೇ ಹೀಗೆ ಅನಿಸಿಬಿಡುತ್ತದೆ. ನಿಮ್ಮ ಬರಹ ಒಡೆಯಬೇಕಾದದ್ದು ಆ ಅನಿಸಿಕೆಯನ್ನು. ಅದಕ್ಕೆ ಅಂಕಿ ಒಂದೇ ಸಾಲದು, ದಮ್ಮು ಹತ್ತೋದು, ಚಕ್ಕರ ಬರೋದು ಬರಹದ ಮೊದಲ ಸಾಲಿನಲ್ಲೇ ಬರಬೇಕು. ಮಾಡಬೇಕಾದದ್ದನ್ನೂ ಅವರ ಅಡುಗೆಮನೆಯ ಒಳಗಿಂದ ಹೇಳಿ: ಆಶಾ ಕೊಟ್ಟ ಕಬ್ಬಿಣಾಂಶದ ಗುಳಿಗೆ ಬಿಡಬೇಡಿ, ಊಟ ಆದ ಕೂಡಲೇ ಚಹಾ ಕುಡಿದರೆ ಊಟದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ತಾಸು ಬಿಟ್ಟು ಕುಡಿಯಿರಿ, ಹೆಸರುಕಾಳು ಪಲ್ಯದ ಮೇಲೆ ಲಿಂಬೆಹಣ್ಣು ಹಿಂಡಿಕೊಳ್ಳಿ. ಗುಳಿಗೆ ನುಂಗಿದರೆ ಮಲ ಕಪ್ಪಗೆ ಆಗುತ್ತದೆ ಅಂತಲೂ ಬರೆಯಿರಿ. ಅದನ್ನು ಯಾರೂ ಹೇಳುವುದಿಲ್ಲ, ಹೆಂಗಸರು ಹೆದರಿ ಗುಳಿಗೆ ಎಸೆಯುತ್ತಾರೆ.

ಇನ್ನೊಂದು ಪದ, "ಗ್ಯಾಸ್". ಎದೆ ಹಿಡಿದುಕೊಂಡರೆ, ಎಡಗೈ ನೋವಾದರೆ, ದವಡೆ ನೋವಾದರೆ, ಬೆವರು ಹರಿದರೆ ನಮ್ಮ ಕಡೆ ಮೊದಲ ಮಾತೇ "ಗ್ಯಾಸ್ ಆಗೇತಿ, ಸೋಡಾ ಕುಡಿ". ಹೃದಯಾಘಾತದ ಲಕ್ಷಣಗಳು ಅಂತ ಎಷ್ಟು ಚೆಂದ ಬರೆದರೂ ಅದನ್ನು ಓದುವವರು ತಮಗೆ ಆಗಿರೋದು ಗ್ಯಾಸ್ ಅಂತಲೇ ತಿಳಿದಿರುತ್ತಾರೆ, ಹಾಗಾಗಿ ಆ ಬರಹ ತಮಗೆ ಅಂತ ಅನಿಸುವುದೇ ಇಲ್ಲ. ತಲೆಬರಹದಲ್ಲೇ ಗ್ಯಾಸ್ ಅನ್ನೋ ಪದ ಹಾಕಿ. 108ಕ್ಕೆ ಫೋನ್ ಮಾಡಬೇಕು, ಬೇಗ ಇಸಿಜಿ ಆಗಬೇಕು ಅಂತ ಬರೆಯಿರಿ. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ ಹೃದಯ ಜ್ಯೋತಿ ಯೋಜನೆ ಶುರು ಮಾಡಿತು. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಅದು ಇದೆಯಾ, ರಾತ್ರಿ ಹೋದರೂ ಸಿಗುತ್ತದೆಯಾ ಅನ್ನೋದನ್ನು ನೀವೇ ಹೋಗಿ ನೋಡಿ ಬರೆಯಿರಿ. ಯೋಜನೆಯ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ರಾತ್ರಿ ಬಾಗಿಲು ತೆರೆದಿರುತ್ತದೆಯಾ ಅನ್ನೋದು ಅಲ್ಲಿಗೆ ಹೋದವರಿಗೆ ಮಾತ್ರ ಗೊತ್ತು.

ಮುಟ್ಟು, ಬಿಳಿ ಹೋಗೋದು, ಗರ್ಭಕೋಶ ಜಾರೋದು ಇವುಗಳ ಬಗ್ಗೆ ಸಂಸ್ಕೃತ ಪದ ಹಾಕಿದರೆ ಮರ್ಯಾದೆ ಅನಿಸಬಹುದು. ಓದುವವಳಿಗೆ ಅರ್ಥ ಆಗದಿದ್ದರೆ ಆ ಮರ್ಯಾದೆಯಿಂದ ಏನು ಬಂತು? ಅವಳು ತನ್ನ ತಂಗಿಗೆ ಪಿಸುಗುಟ್ಟುವ ಪದವನ್ನೇ ಬರೆಯಿರಿ.

ಡಾಕ್ಟರನ್ನು ಕೇಳುವುದು

ಡಾಕ್ಟರ್ ಕಠಿಣ ಮಾತು ಆಡಿದರೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: "ಸಾಹೇಬ್ರ, ನಿಮ್ಮ ಅಕ್ಕಗ ಇದ ಆಗಿದ್ರ ಮನ್ಯಾಗ ಹೆಂಗ ಹೇಳ್ತಿದ್ರಿ?" ತಕ್ಷಣ ಅವರ ಭಾಷೆ ಬದಲಾಗುತ್ತದೆ. ಎಷ್ಟೋ ಡಾಕ್ಟರುಗಳು ಇದೇ ಜಿಲ್ಲೆಯವರು, ಅವರಿಗೂ ಇದು ತಾಯಿಮಾತು.

ಒಬ್ಬರನ್ನೇ ಕೇಳಿ ಬರೆಯಬೇಡಿ. ಎರಡನೇ ಡಾಕ್ಟರ್ ಆ ಆಸ್ಪತ್ರೆಗೆ, ಆ ಔಷಧಿಗೆ, ಆ ಅಧ್ಯಯನಕ್ಕೆ ಸಂಬಂಧ ಇಲ್ಲದವರಾಗಿರಲಿ. ಬರೆದ ಮೇಲೆ ಕಾಯಿಲೆಯ, ಔಷಧಿಯ ಸಾಲುಗಳನ್ನು ಮಾತ್ರ ಫೋನಿನಲ್ಲಿ ಓದಿ ಹೇಳಿ, ತಪ್ಪಿದ್ದರೆ ತಿದ್ದಿಕೊಳ್ಳಿ. ಇಡೀ ವರದಿಯನ್ನು ಒಪ್ಪಿಗೆಗೆ ಕಳಿಸಬೇಡಿ. ಕಳಿಸಿದರೆ ಆಸ್ಪತ್ರೆಯ ಬಗ್ಗೆ ರೋಗಿಗಳು ಹೇಳಿದ ದೂರುಗಳು ವಾಪಸ್ ಬರುವಾಗ ಇರುವುದಿಲ್ಲ, ನನಗೆ ಹಾಗೆ ಆಗಿದೆ.

ಅಧ್ಯಯನ ಓದೋದು ಹೇಗೆ, ಬೆಳಗಾವಿಯದೇ ಒಂದು ಉದಾಹರಣೆ

ಇದನ್ನು ನಿಧಾನಕ್ಕೆ ಓದಿ. ವೈದ್ಯಕೀಯ ಅಧ್ಯಯನ ಅಂದರೆ ಎಲ್ಲೋ ಅಮೆರಿಕದ್ದು ಅಂದುಕೊಳ್ಳುತ್ತೇವೆ ಅಲ್ವಾ? ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರ ತನಕ ಒಂದು ಅಧ್ಯಯನ ನಡೆಯಿತು. ಹೆರಿಗೆ ಆದ ಮೇಲೆ ಜಾಸ್ತಿ ರಕ್ತ ಹೋಗಿ ಬಾಣಂತಿ ಸಾಯೋದನ್ನು ತಡೆಯೋಕೆ ಮಿಸೊಪ್ರೊಸ್ಟಾಲ್ ಅನ್ನೋ ಗುಳಿಗೆ ಕೆಲಸ ಮಾಡುತ್ತದೆಯೇ ಅಂತ ನೋಡಿದರು. ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಿದ್ದ ಸಹಾಯಕಿ ನರ್ಸ್‌ಗಳೇ ಗುಳಿಗೆ ಕೊಟ್ಟರು. 2006ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈಗ ಇದನ್ನು ಹೇಗೆ ಓದಬೇಕು ನೋಡೋಣ.

ಎಷ್ಟು ಜನ? 1,620 ಹೆಂಗಸರು. ಹತ್ತೋ ಇಪ್ಪತ್ತೋ ಜನರ ಮೇಲೆ ನೋಡಿದ್ದು ಅಲ್ಲ.

ಯಾರ ಜೊತೆ ಹೋಲಿಸಿದರು? ಸುಮಾರು ಅರ್ಧ ಜನಕ್ಕೆ ಗುಳಿಗೆ, ಉಳಿದವರಿಗೆ ನೋಡೋಕೆ ಹಾಗೇ ಇರುವ, ಔಷಧಿ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅನ್ನೋದನ್ನು ಚೀಟಿ ಎತ್ತಿದ ಹಾಗೆ ನಿರ್ಧಾರ ಮಾಡಿದ್ದು. ಕೊಟ್ಟ ನರ್ಸ್‌ಗೂ ಗೊತ್ತಿಲ್ಲ, ತಗೊಂಡವರಿಗೂ ಗೊತ್ತಿಲ್ಲ. ಹೋಲಿಸೋಕೆ ಇನ್ನೊಂದು ಗುಂಪೇ ಇಲ್ಲದ ಅಧ್ಯಯನವಾದರೆ "ಕೆಲಸ ಮಾಡುತ್ತದೆ" ಅಂತ ಬರೆಯಬೇಡಿ.

ಅಳೆದದ್ದು ಹೇಗೆ? ಹೆರಿಗೆಯಾದವರ ಕೆಳಗೆ ಅಳತೆಯ ಗುರುತು ಇರುವ ಪ್ಲಾಸ್ಟಿಕ್ ಚೀಲ ಹಾಸಿ, ಹೋದ ರಕ್ತವನ್ನು ಅಳೆದರು. ಕಣ್ಣಳತೆಯಲ್ಲಿ "ಸ್ವಲ್ಪ ಹೋಯ್ತು, ಜಾಸ್ತಿ ಹೋಯ್ತು" ಅಂದದ್ದಲ್ಲ. ನನಗೆ ಈ ಚೀಲದ ವಿಷಯ ಓದಿದಾಗಲೇ ಆ ಅಧ್ಯಯನದ ಮೇಲೆ ನಂಬಿಕೆ ಬಂದದ್ದು.

ಫಲಿತಾಂಶ ಏನು? ಅರ್ಧ ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋದವರು ಔಷಧಿ ಇಲ್ಲದ ಗುಂಪಿನಲ್ಲಿ ನೂರಕ್ಕೆ 12, ಗುಳಿಗೆ ತಗೊಂಡ ಗುಂಪಿನಲ್ಲಿ ನೂರಕ್ಕೆ 6.4. ಇಲ್ಲೇ ನಮ್ಮ ಹಳೇ ಚಟ ಎದ್ದು ಬರುತ್ತದೆ. "ಅರ್ಧಕ್ಕರ್ಧ ಕಡಿಮೆ" ಅಂತ ದಪ್ಪ ಅಕ್ಷರದಲ್ಲಿ ಹಾಕೋಣ ಅನಿಸುತ್ತದೆ. ಸುಳ್ಳಲ್ಲ. ಆದರೆ ಓದುವವರಿಗೆ ತಮ್ಮ ಮನೆಗೆ ಅದು ಎಷ್ಟು ಅಂತ ತಿಳಿಯಬೇಕು. ಹೀಗೆ ಬರೆಯಿರಿ: ನೂರು ಬಾಣಂತಿಯರಲ್ಲಿ ಮೊದಲು 12 ಜನಕ್ಕೆ ಆಗುತ್ತಿದ್ದದ್ದು 6 ಜನಕ್ಕೆ ಇಳಿಯಿತು, 18 ಜನಕ್ಕೆ ಗುಳಿಗೆ ಕೊಟ್ಟರೆ ಒಬ್ಬರಿಗೆ ಆ ಅಪಾಯ ತಪ್ಪಿತು. "ಅರ್ಧಕ್ಕರ್ಧ" ಅನ್ನೋದು ಇನ್ನೊಂದು ಔಷಧಿಯಲ್ಲಿ ಸಾವಿರಕ್ಕೆ ಇಬ್ಬರಿಂದ ಒಬ್ಬರಿಗೆ ಇಳಿದದ್ದೂ ಆಗಿರಬಹುದು. ಆದ್ದರಿಂದ ಯಾವಾಗಲೂ "ನೂರಕ್ಕೆ ಎಷ್ಟಿತ್ತು, ಎಷ್ಟಾಯಿತು" ಅಂತ ಎರಡೂ ಅಂಕಿ ಹುಡುಕಿ.

ತೊಂದರೆ ಏನಾಯಿತು? ಗುಳಿಗೆ ತಗೊಂಡವರಲ್ಲಿ ಸ್ವಲ್ಪ ಹೊತ್ತಿನ ನಡುಕ, ಜ್ವರ ಜಾಸ್ತಿ ಕಂಡವು. ಅದನ್ನು ಬರೆಯದೆ ಬಿಟ್ಟರೆ ನಿಮ್ಮ ವರದಿ ಜಾಹೀರಾತು ಆಗುತ್ತದೆ. ಜೊತೆಗೆ ಇದು ಗರ್ಭಕೋಶದ ಮೇಲೆ ಕೆಲಸ ಮಾಡುವ ಔಷಧಿ, ಅಂಗಡಿಯಿಂದ ತಂದು ತಾವೇ ನುಂಗುವಂಥದ್ದಲ್ಲ ಅಂತ ಬರೆಯಲೇಬೇಕು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಯೋಕೆ ಈ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿಗಳ ಹೆಂಗಸರು ಆ ಅಧ್ಯಯನದಲ್ಲಿ ಇದ್ದರು ಅಂತ ನಮ್ಮವರಿಗೇ ಹೇಳಿದವರು ಕಡಿಮೆ. ಇಂಥ ಕಥೆ ನಮ್ಮ ಕಾಲ ಬುಡದಲ್ಲಿ ಬೇಕಾದಷ್ಟು ಬಿದ್ದಿವೆ.

ಹುಡುಕೋಕೆ ಒಂದು ಉಪಾಯ: ವೈದ್ಯಕೀಯ ಅಧ್ಯಯನಗಳನ್ನು ಹುಡುಕುವ ಪಬ್‌ಮೆಡ್ ಅನ್ನೋ ಜಾಲತಾಣ ಪುಕ್ಕಟೆ. ಅದರಲ್ಲಿ "ಬೆಳಗಾವಿ", "ವಿಜಯಪುರ" ಅಂತ ಮಾತ್ರ ಹುಡುಕಿದರೆ ಅರ್ಧ ಸಿಗುವುದಿಲ್ಲ. ಊರುಗಳ ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ. ಅದಕ್ಕಿಂತ ಹಿಂದಿನದೆಲ್ಲ "ಬೆಳಗಾಂ", "ಬಿಜಾಪುರ್" ಅಂತ ಇಂಗ್ಲಿಷಿನಲ್ಲಿ ಇದೆ. ಎರಡೂ ಹೆಸರು ಹಾಕಿ ಹುಡುಕಿ. ಯಾರಾದರೂ "ನಮ್ಮ ಔಷಧಿಯ ಟ್ರಯಲ್ ನಡೀತಿದೆ" ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದು ಇದೆಯಾ ನೋಡಿ. ಗಿಡಮೂಲಿಕೆ ವಿಷಯಕ್ಕೆ ಬೆಳಗಾವಿಯಲ್ಲೇ ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಇದೆ. ಕಷಾಯದ ಬಗ್ಗೆ ಬರೆಯುವ ಮುಂಚೆ ಅಂಥ ಕಡೆ ಕೇಳಿ. ಬಸ್ ನಿಲ್ದಾಣದ ಆ ಅವ್ವನಿಗೋಸ್ಕರವಾದರೂ ಕೇಳಿ.

ನೀರು ಮತ್ತು ಹಲ್ಲು

ಹುನಗುಂದ ಕಡೆಯ ಒಂದು ಊರಿನ ಶಾಲೆಯಲ್ಲಿ ನಾನು ವಿಡಿಯೋ ಮಾಡುವಾಗ ದೊಡ್ಡ ಹುಡುಗಿಯರು ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಿದ್ದರು. ನಾಚಿಕೆ ಅಂದುಕೊಂಡೆ. ಒಬ್ಬಳು ಕೈ ತೆಗೆದಾಗ ಕಂಡಿತು, ಹಲ್ಲಿನ ಮೇಲೆ ಕಂದು ಪಟ್ಟೆ. ಅವಳ ತಮ್ಮ ಪಕ್ಕದಲ್ಲೇ ನಿಂತಿದ್ದ, ಅವನ ಹಲ್ಲು ಬೆಳ್ಳಗಿದ್ದವು. ಒಂದೇ ಮನೆ, ಒಂದೇ ಊಟ. ನೀರು ಬೇರೆ. ಅವಳು ಚಿಕ್ಕವಳಿದ್ದಾಗ ಬೋರ್‌ವೆಲ್ ನೀರು, ಅವನ ಕಾಲಕ್ಕೆ ನದಿ ನೀರಿನ ನಳ ಬಂದಿತ್ತು.

ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಇರಬಹುದು, ಬೇರೆ ನೀರೇ ಇಲ್ಲ ಅಂದಾಗ 1.5 ತನಕ ಅಂತ ಭಾರತೀಯ ಮಾನಕ ಹೇಳುತ್ತದೆ. ಮಕ್ಕಳ ಹಲ್ಲು ಒಳಗೆ ಬೆಳೆಯುತ್ತಿರುವ ವಯಸ್ಸಿನಲ್ಲಿ, ಸುಮಾರು 8 ವರ್ಷದ ಒಳಗೆ, ಅದಕ್ಕಿಂತ ಜಾಸ್ತಿ ಹೋದರೆ ಹಲ್ಲಿಗೆ ಕಲೆ ಬರುತ್ತದೆ. ಇನ್ನೂ ಜಾಸ್ತಿ, ತುಂಬಾ ವರ್ಷ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ.

ಇಂಥ ವರದಿಗೆ ಹೊರಟಾಗ ಮನೆಮನೆಯಲ್ಲಿ ಕೇಳಿ: ಯಾವ ವರ್ಷದ ತನಕ ಯಾವ ನೀರು? ಕುದಿಸಿ ಕುಡಿಯುತ್ತೀರಾ? ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದರ ಸಾಂದ್ರತೆ ಹೆಚ್ಚೇ ಆಗುತ್ತದೆ. ಇದನ್ನು ತಾಯಂದಿರಿಗೆ ಹೇಳಲೇಬೇಕು, ಪಾಪ, ಮಕ್ಕಳಿಗೆ ಒಳ್ಳೇದಾಗಲಿ ಅಂತ ಉರುವಲು ಸುಟ್ಟು ಕುದಿಸಿರುತ್ತಾರೆ. ಊರಿನ ಶುದ್ಧ ನೀರಿನ ಘಟಕ ನಡೆಯುತ್ತಿದೆಯಾ, ಕೆಟ್ಟು ನಿಂತಿದ್ದರೆ ಎಷ್ಟು ತಿಂಗಳಾಯಿತು ಅಂತ ನೋಡಿ. ನೀರನ್ನು ಪರೀಕ್ಷೆಗೆ ಕೊಡಿ, ಜಿಲ್ಲೆಯಲ್ಲಿ ಸರ್ಕಾರದ ಪ್ರಯೋಗಾಲಯ ಇದೆ. ಹಳೇ ವರದಿ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಆಮೇಲೆ ಆ ಹುಡುಗಿಯ ಹಲ್ಲಿನ ಕ್ಲೋಸಪ್ ಹಾಕಬೇಡಿ. ಅವಳಿಗೆ ನಾಳೆ ಮದುವೆ ಮಾತು ಬರುತ್ತದೆ, ಆ ಊರಿನವಳು ಅಂತ ಗುರುತು ಹಿಡಿಯುತ್ತಾರೆ.

ಮುಖ ಮುಚ್ಚಿದರೆ ಸಾಲದು

ಕಂಟಿನ್ಯೂಟಿ ಕಣ್ಣು ಇಲ್ಲಿ ಬೇಕು. ಮುಖ ಮಸುಕು ಮಾಡಿದ್ದೇವೆ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಸೀರೆಯ ಅಂಚು, ಕೈಯ ಹಚ್ಚೆ, ಹಿಂದಿನ ಗೋಡೆಯ ಬಣ್ಣ, ಬಾಗಿಲ ಮೇಲಿನ ಹೆಸರು ಇವು ಸಾಕು, ಓಣಿಯವರು ಒಂದು ನಿಮಿಷದಲ್ಲಿ ಹೇಳುತ್ತಾರೆ. ದನಿ ಕೂಡ. ನಾನು ಕೈಗಳನ್ನು ಮಾತ್ರ ತೋರಿಸಿ, ಮಾತನ್ನು ನಾನೇ ಓದುತ್ತೇನೆ. ಅದೂ ಅವರದೇ ಪದಗಳಲ್ಲಿ, ಅಳುವ ದನಿ ಮಾಡದೆ.

ಒಬ್ಬರಿಗೆ ಎಚ್‌ಐವಿ ಇದೆ ಅನ್ನೋದನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡೋದು 2017ರ ಕಾಯ್ದೆ ಪ್ರಕಾರ ತಪ್ಪು. ಮಾನಸಿಕ ಚಿಕಿತ್ಸೆ ತಗೊಳ್ಳುತ್ತಿರುವವರ ಫೋಟೋ, ಮಾಹಿತಿಗೂ ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇದೇ ಕಟ್ಟು. ಒಪ್ಪಿಗೆ ಕೇಳುವಾಗ ಮೊಬೈಲಿನಲ್ಲಿ ಅದು ಹೇಗೆ ಕಾಣುತ್ತದೆ ಅಂತ ತೋರಿಸಿ, ಆಮೇಲೆ ಕೇಳಿ. ಮರುದಿನ ಮತ್ತೆ ಕೇಳಿ. ನಟಿ ಬಂದಿದ್ದಾಳೆ ಅನ್ನೋ ಸಂಭ್ರಮದಲ್ಲಿ ಹೂಂ ಅಂದಿರುತ್ತಾರೆ.

ಆತ್ಮಹತ್ಯೆ ಬಗ್ಗೆ ಬರೆಯುವಾಗ ಹೇಗೆ ಮಾಡಿಕೊಂಡರು ಅಂತ ಬರೆಯಬೇಡಿ, ಒಂದೇ ಕಾರಣ ಹೇಳಬೇಡಿ, ಪತ್ರ ಹಾಕಬೇಡಿ. 2019ರಲ್ಲಿ ಪ್ರೆಸ್ ಕೌನ್ಸಿಲ್ ಇದರ ಬಗ್ಗೆ ನಿಯಮ ಮಾಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಹಾಕಿ. ಅದು ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.

ಜಾಹೀರಾತು ಬರುತ್ತದೆ

ಖಂಡಿತ ಬರುತ್ತದೆ. ನೀವು ಆರೋಗ್ಯ ಅಂದ ಮರುದಿನವೇ ಶುಗರ್ ಪುಡಿ, ಮಂಡಿನೋವಿನ ಎಣ್ಣೆ, ಬೊಜ್ಜು ಇಳಿಸುವ ಟೀ ಮಾರುವವರು ಫೋನ್ ಮಾಡುತ್ತಾರೆ. ನನಗೆ ಒಂದು ಪುಡಿಯವರು ಸೀರಿಯಲ್‌ನ ಎರಡು ತಿಂಗಳ ದುಡ್ಡು ಕೊಡುತ್ತೇವೆ ಅಂದರು. ಮನೆಯಲ್ಲಿ ತಮ್ಮನ ಕಾಲೇಜು ಫೀ ಕಟ್ಟಬೇಕಿತ್ತು, ನಾನು ಎರಡು ದಿನ ಯೋಚನೆ ಮಾಡಿದೆ. ಆಮೇಲೆ ಬೇಡ ಅಂದೆ.

ಕಾನೂನು ತಿಳಿದಿರಲಿ. 1954ರಿಂದ ಒಂದು ಕಾಯ್ದೆ ಇದೆ, ಶುಗರ್, ಕ್ಯಾನ್ಸರ್ ಥರದ ಪಟ್ಟಿಯಲ್ಲಿರುವ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡೋದೇ ತಪ್ಪು. 2019ರ ಗ್ರಾಹಕ ಕಾಯ್ದೆ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಮುಖ ತೋರಿಸಿದವರಿಗೂ 10 ಲಕ್ಷದ ತನಕ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷ. ನನ್ನ ನಿಯಮ ಕಾನೂನಿಗಿಂತ ಬಿಗಿ: ನುಂಗುವ, ಹಚ್ಚುವ, ಚುಚ್ಚುವ ಯಾವುದಕ್ಕೂ ಮುಖ ಕೊಡುವುದಿಲ್ಲ, ಆಸ್ಪತ್ರೆ ಉದ್ಘಾಟನೆಯ ನಿರೂಪಣೆಗೂ ಹೋಗುವುದಿಲ್ಲ. ಹೊಟ್ಟೆಪಾಡಿಗೆ ಡಬ್ಬಿಂಗ್ ಮಾಡುತ್ತೇನೆ, ಮದುವೆ, ಕಾಲೇಜು ಕಾರ್ಯಕ್ರಮಗಳ ನಿರೂಪಣೆ ಮಾಡುತ್ತೇನೆ. ಮೊದಲ ಎರಡು ವರ್ಷ ಬರೆಯೋದರಿಂದ ಬಾಡಿಗೆ ಹೊರಡುವುದಿಲ್ಲ, ಅದಕ್ಕೆ ತಯಾರಾಗಿ ಬನ್ನಿ.

ತಪ್ಪು ಆದಾಗ

ಆಗುತ್ತದೆ. ನಾನು ಒಂದು ವಿಡಿಯೋದಲ್ಲಿ ಗರ್ಭಿಣಿಯರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಅಂತ ಹೇಳಿಬಿಟ್ಟೆ. 12 ಅನ್ನೋದು ಗರ್ಭಿಣಿಯಲ್ಲದ ಹೆಂಗಸರ ಮಿತಿ. ಗರ್ಭಿಣಿಯರಿಗೆ 11. ಬಾದಾಮಿ ಕಡೆಯ ಒಬ್ಬ ಆಶಾ ಫೋನ್ ಮಾಡಿದರು. "ಅಕ್ಕಾರ, ನೀವು ಹೇಳಿದ್ದ ನೋಡಿ ನಮ್ಮೂರಾಗ ಹನ್ನೊಂದೂವರಿ ಇದ್ದಾಕಿ ಅಳಕೋತ ಬಂದಾಳ್ರಿ."

ಅವತ್ತೇ ಹಳೇ ವಿಡಿಯೋ ತೆಗೆದೆ. ತಿದ್ದುಪಡಿಯನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಲಿಲ್ಲ. ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಕೂತು ಮೊದಲ ಮಾತೇ, "ಹೋದ ವಾರ ನಾನು ತಪ್ಪು ಹೇಳಿದೆ, ಸರಿಯಾದದ್ದು ಇದು" ಅಂತ ಹೇಳಿ ಎರಡೂ ಅಂಕಿಯನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಮೊದಲ ವಿಡಿಯೋ ಕಳಿಸಿದ್ದ ಎಲ್ಲ ವಾಟ್ಸಾಪ್ ಗುಂಪಿಗೂ ಇದನ್ನು ಕಳಿಸಿದೆ. ಆ ಹೆಂಗಸಿನ ಮನೆಗೆ ಆಶಾ ಜೊತೆ ಹೋದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಕೈಯಲ್ಲೇ ತಾಯಿ ಕಾರ್ಡು ತೆಗೆದು 11.5 ಅಂತ ಬರೆದಿದ್ದ ಜಾಗ ತೋರಿಸಿದರು. "ಹಂಗಾರ ನಾ ಆರಾಮದೀನಲ್ರಿ?"

ಆರಾಮ ಇದ್ದೀರಿ, ಗುಳಿಗೆ ಮಾತ್ರ ಬಿಡಬೇಡಿ ಅಂತ ಹೇಳಿದೆ. ಒಂದು ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ಕೊಟ್ಟರು. ಹೊರಡುವಾಗ ಆಶಾ, ಮುಂದಿನ ವಾರ ಕ್ಷಯದ ಗುಳಿಗೆ ನಡುವೆ ಬಿಡುವವರ ಬಗ್ಗೆ ಮಾಡಿ ಅಕ್ಕಾರ, ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ ಅಂದರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.